ಐದನೆಯ ವಲಯದ ನಾವು

ಅಮೆರಿಕದ ನೆಂಟರ ಸೂಟ್‌ಕೇಸಿನಲ್ಲಿ ಚಾಕೊಲೇಟಿನ ಜೊತೆ ಡಿವಿಡಿಗಳೂ ಬರುತ್ತಿದ್ದ ಕಾಲವೊಂದಿತ್ತು. ಡಿಸ್ಕು ಹೊಚ್ಚ ಹೊಸದು, ಒಂದು ಗೀರೂ ಇಲ್ಲ. ಪ್ಲೇಯರಿಗೆ ಹಾಕಿದರೆ ಮಾತ್ರ ಚಿತ್ರ ಮೂಡದು. ವಲಯ ಸರಿಯಿಲ್ಲ ಎಂಬ ಒಂದೇ ಸಾಲು.

ಇದಕ್ಕೆ ಟೀವಿಯ ಎರಡು ಪದ್ಧತಿಗಳ, ಅಂದರೆ ನಮ್ಮ ಪ್ಯಾಲ್ ಮತ್ತು ಅಮೆರಿಕದ ಎನ್‌ಟಿಎಸ್‌ಸಿಗಳ, ಜಗಳವೇ ಕಾರಣವೆಂದು ಅನೇಕರು ತಿಳಿದಿದ್ದರು. ಆ ಬಡಪಾಯಿ ಪದ್ಧತಿಗಳ ತಪ್ಪೇನೂ ಇರಲಿಲ್ಲ. ಅಮೆರಿಕದ ಕರೆಂಟು ಸೆಕೆಂಡಿಗೆ 60 ಆವರ್ತ, ನಮ್ಮದು 50. ಟೀವಿಯೂ ಅದಕ್ಕೆ ತಕ್ಕಂತೆ ಬೆಳೆಯಿತು: ಅಲ್ಲಿ 525 ಗೆರೆ, ಸೆಕೆಂಡಿಗೆ ಸುಮಾರು 30 ಚಿತ್ರ, ಇಲ್ಲಿ 625 ಗೆರೆ, 25 ಚಿತ್ರ. 1982ರಲ್ಲಿ ದೂರದರ್ಶನಕ್ಕೆ ಬಣ್ಣ ಬಂದದ್ದೂ ಪ್ಯಾಲ್‌ನಲ್ಲೇ. ಸಿನಿಮಾ ಓಡುವುದು 24ರಲ್ಲಿ. ಅದನ್ನು 25ಕ್ಕೆ ಓಡಿಸಿದರೆ ಎರಡು ಗಂಟೆಯ ಚಿತ್ರ ಸುಮಾರು ಐದು ನಿಮಿಷ ಮೊದಲೇ ಮುಗಿಯುತ್ತದೆ, ಸರಿಪಡಿಸದಿದ್ದರೆ ಹಾಡಿನ ಶ್ರುತಿಯೂ ಏರುತ್ತದೆ. ತಂಬೂರಿ ಹಿಡಿದು ಬೆಳೆದ ಕಿವಿಗೆ ಅದು ಗೊತ್ತಾಗದೇ ಇರದು. ನಮ್ಮ ಟೀವಿಗಳೇನೋ ಕ್ರಮೇಣ ಎರಡನ್ನೂ ಅರಗಿಸಿಕೊಂಡವು. ಅಮೆರಿಕದ ಟೀವಿಗಳಿಗೆ ಪ್ಯಾಲ್ ಒಗ್ಗಲಿಲ್ಲ. ಹಾಗಾಗಿಯೇ ಭಾರತದ ಎಷ್ಟೋ ಡಿವಿಡಿಗಳು ಎನ್‌ಟಿಎಸ್‌ಸಿಯಲ್ಲಿ, ಎಲ್ಲ ವಲಯಕ್ಕೂ ತೆರೆದುಕೊಂಡು ಬಂದವು. ನ್ಯೂಜೆರ್ಸಿಯ ಕನ್ನಡಿಗರೂ ಊರಿನ ಸಿನಿಮಾ ನೋಡಬೇಕಲ್ಲ!

ವಲಯದ ಕಥೆಯೇ ಬೇರೆ. ಅದು ಬೇಕೆಂದೇ ಎಬ್ಬಿಸಿದ ಗೋಡೆ. ಚಿತ್ರವೊಂದು ಒಂದು ದೇಶದ ಥಿಯೇಟರಿಗೆ ಬರುವ ಮೊದಲೇ ಇನ್ನೊಂದು ದೇಶದ ಡಿಸ್ಕು ಅಲ್ಲಿಗೆ ನುಸುಳಬಾರದೆಂದು ಸ್ಟುಡಿಯೋಗಳು ಭೂಮಂಡಲವನ್ನು ಹಂಚಿಕೊಂಡವು. ಅಮೆರಿಕ 1, ಯುರೋಪ್ ಮತ್ತು ಜಪಾನ್ 2, ನಾವು ರಷ್ಯಾ, ಪಾಕಿಸ್ತಾನ, ಆಫ್ರಿಕಾದ ಬಹುಪಾಲಿನ ಜೊತೆ 5. ವಿಮಾನ, ಹಡಗುಗಳಿಗೂ 8 ಎಂಬ ವಲಯವಿದೆ. 2009ರಲ್ಲಿ ಒಬಾಮಾ ಬ್ರಿಟನ್ನಿನ ಪ್ರಧಾನಿ ಗೋರ್ಡನ್ ಬ್ರೌನ್‌ಗೆ 25 ಅಮೆರಿಕನ್ ಚಿತ್ರಗಳ ಡಿವಿಡಿ ಉಡುಗೊರೆ ಕೊಟ್ಟಾಗ, ಅವು ಬ್ರಿಟನ್ನಿನ ಪ್ಲೇಯರಿನಲ್ಲಿ ಓಡುವುದಿಲ್ಲವೆಂದು ಅಲ್ಲಿನ ಪತ್ರಿಕೆಗಳು ಬರೆದವು.

ನನಗೆ ನಿಜವಾಗಿ ಸಂಕಟವಾಗುವುದು ಸತ್ಯಜಿತ್ ರಾಯ್ ವಿಷಯದಲ್ಲಿ. ಅವರ ಅಪು ಚಿತ್ರತ್ರಯದ ಮೂಲ ನೆಗೆಟಿವ್‌ಗಳು 1993ರಲ್ಲಿ ಲಂಡನ್ನಿನ ಬೆಂಕಿಯಲ್ಲಿ ಸುಟ್ಟವು. ಉಳಿದದ್ದನ್ನು ಇಟಲಿಯ ಬೊಲೊನ್ಯಾದಲ್ಲಿ ಒಂದೊಂದು ಚೌಕಟ್ಟಾಗಿ ಬದುಕಿಸಿದರು. ಅಮೆರಿಕದ ಕ್ರೈಟೀರಿಯನ್ ಕಂಪನಿ 2015ರಲ್ಲಿ ಡಿಸ್ಕು ತಂದಿತು. ಡಿವಿಡಿ ವಲಯ 1; ಬ್ಲೂರೇ ಡಿಸ್ಕಿಗೆ ಅಂಕಿಯ ಬದಲು ಅಕ್ಷರ, ಅದು ವಲಯ ಎ. ಭಾರತದ ಬ್ಲೂರೇ ವಲಯ ಸಿ. ಬಂಗಾಳದ ಹಳ್ಳಿಯಲ್ಲಿ ತೆಗೆದ ಚಿತ್ರವನ್ನು ಹಣ ಕೊಟ್ಟು ತರಿಸಿಕೊಂಡರೂ ಭಾರತದ ಪ್ಲೇಯರು ಒಲ್ಲೆ ಎನ್ನಬೇಕೆ? ದುಡ್ಡು ಕೊಟ್ಟವನಿಗೆ ನೋಡುವ ಹಕ್ಕಿದೆ. ಇದರಲ್ಲಿ ನನಗೆ ಎರಡು ಮಾತಿಲ್ಲ.

ಈ ಹಕ್ಕು ಒಮ್ಮೆ ಕೋರ್ಟಿನ ಮೆಟ್ಟಿಲನ್ನೂ ಹತ್ತಿತು. ಡಿಸ್ಕಿನ ಗೂಢಲಿಪಿಯ ಬೀಗವನ್ನು ಬಿಡಿಸುವ ಡಿಸಿಎಸ್‌ಎಸ್ ಎಂಬ ಪ್ರೋಗ್ರಾಮು 1999ರಲ್ಲಿ ಹೊರಬಂತು. ಅದರ ಹಿಂದಿದ್ದ ನಾರ್ವೆಯ ಹುಡುಗ ಯೋನ್ ಯೋಹಾನ್ಸನ್ ಮೇಲೆ ಮೊಕದ್ದಮೆ ನಡೆಯಿತು. ತಾನು ಕೊಂಡ ಡಿಸ್ಕನ್ನು ತಾನು ನೋಡುವುದು ಅಪರಾಧವಲ್ಲವೆಂದು 2003ರಲ್ಲಿ ಅವನ ಖುಲಾಸೆಯಾಯಿತು. ಆ ತೀರ್ಪು ನೆನೆದಾಗಲೆಲ್ಲ ನನಗೆ ಸಂತೋಷ.

ಕಂಪ್ಯೂಟರಿನ ಡ್ರೈವ್ ಬಳಸುವವರಿಗೊಂದು ಎಚ್ಚರಿಕೆ: ಅದರ ವಲಯ ಬದಲಿಸಲು ಸಾಮಾನ್ಯವಾಗಿ ಐದೇ ಅವಕಾಶ, ಐದನೆಯದು ಶಾಶ್ವತ. ಟೀವಿ ಪಕ್ಕದ ಪ್ಲೇಯರುಗಳಲ್ಲಿ ಅನೇಕವು ಇನ್ನೂ ಉದಾರಿ. ರಿಮೋಟಿನಲ್ಲಿ ಕೆಲವು ಅಂಕಿ ಒತ್ತಿದರೆ ಗುಪ್ತ ಮೆನು ತೆರೆಯುತ್ತದೆ, ಅಲ್ಲಿ ವಲಯವನ್ನು ಸೊನ್ನೆ, ಅಂದರೆ ಎಲ್ಲ ವಲಯ, ಮಾಡಿದರಾಯಿತು. ಹಳೆಯ ಪ್ಲೇಯರನ್ನು ಗುಜರಿಗೆ ಹಾಕುವ ಮುನ್ನ ಅದರ ಬೆನ್ನಿನ ಮೇಲಿನ ಮಾಡೆಲ್ ಸಂಖ್ಯೆಯನ್ನೊಮ್ಮೆ ಬರೆದಿಟ್ಟುಕೊಂಡು ಆ ಅಂಕಿಗಳಾವುವೆಂದು ವಿಚಾರಿಸಿ.