ಮೊದಲ ಐತವಾರದ ಹಿಂದಿನ ವಾರ

ಮೆಥೋಡಿಸ್ಟ್ ಸಭೆಗಳಲ್ಲಿ ಪ್ರಭುಭೋಜನ ಅಂದರೆ ತಿಂಗಳ ಮೊದಲ ಐತವಾರ. ಎಂಬತ್ತರ ದಶಕದಲ್ಲಿ ವಾಡಿ, ಶಹಾಬಾದ್ ಕಡೆ ಬೆಳೆದ ನನ್ನಂಥವರಿಗೆ ಆ ಐತವಾರಕ್ಕಿಂತ ಅದರ ಹಿಂದಿನ ವಾರವೇ ಹೆಚ್ಚು ನೆನಪಿದೆ. ಆ ವಾರ ದೊಡ್ಡವರ ಮುಖ ಗಂಟಿಕ್ಕಿರುತ್ತಿತ್ತು. ಮಾತು ಬಿಟ್ಟವರ ಮನೆಗೆ ಹೋಗಿ ಮಾತಾಡಿಸಿ ಬರಬೇಕಿತ್ತು. ಜಗಳ ಇಟ್ಟುಕೊಂಡು ರೊಟ್ಟಿಗೆ ಕೈ ಚಾಚುವ ಹಾಗಿರಲಿಲ್ಲ. ಹೃದಯಶುದ್ಧಿ ಇರುವವರು ಧನ್ಯರೆಂದು ಯೇಸು ಬೆಟ್ಟದ ಮೇಲೆ ಬೋಧಿಸಿದ್ದು ಮತ್ತಾಯನ 5ನೇ ಅಧ್ಯಾಯದಲ್ಲಿ ಬರುತ್ತದೆ. ಕಾಣಿಕೆಗಿಂತ ಮೊದಲು ಮುನಿದವನೊಂದಿಗೆ ರಾಜಿ ಆಗಬೇಕೆಂದು ಹೇಳಿದ್ದೂ ಅದೇ ಅಧ್ಯಾಯದಲ್ಲಿ. ನಮ್ಮ ಹಿರಿಯರಿಗೆ ಇವೆರಡೂ ಬೇರೆ ಬೇರೆ ಅನಿಸಿರಲಿಲ್ಲ.

ನಮ್ಮ ಲೈನಿನಲ್ಲಿ ನೀರು ಬರುತ್ತಿದ್ದದ್ದು ಒಂದೇ ನಳಕ್ಕೆ. ಅವ್ವನಿಗೂ ಮೂರನೇ ಮನೆಯ ದೊಡ್ಡಮ್ಮನಿಗೂ ಕೊಡದ ಪಾಳಿಯ ಮೇಲೆ ಜಗಳ. ಶನಿವಾರ ಸಂಜೆ ಅವ್ವ ನಾಲ್ಕು ಜೋಳದ ರೊಟ್ಟಿ, ಸ್ವಲ್ಪ ಪುಂಡಿಪಲ್ಯ ಬಟ್ಟೆಯಲ್ಲಿ ಕಟ್ಟಿಕೊಂಡು ಹೊರಟಳು. ನಾನು ಹಿಂದೆ ಹಿಂದೆ. ಬಾಗಿಲಲ್ಲಿ ನಿಂತೇ ಅವ್ವ ಅಂದಳು: “ಮೊನ್ನೆ ಬಾಯಿಗೆ ಬಂದಂಗ ಅಂದೆ, ಯಕ್ಕಾ. ಮನಸಿನ್ಯಾಗ ಇಟ್ಕೊಬ್ಯಾಡ.” ಆಕೆ ಅಕ್ಕಿ ಆರಿಸುತ್ತಿದ್ದ ಮೊರದಿಂದ ತಲೆ ಎತ್ತಲಿಲ್ಲ. “ಇಟ್ಕೊಂಡೀನಿ ನೋಡವ್ವ. ಇಲ್ಲ ಅಂತ ಸುಳ್ಳ್ ಯಾಕ ಹೇಳ್ಲಿ? ಕುಂದ್ರು, ಚಾ ಇಡ್ತೀನಿ.” ಇಬ್ಬರೂ ಪರಸಿ ಕಟ್ಟೆಯ ಮೇಲೆ ಕೂತು ಚಾ ಕುಡಿದರು. ನಳದ ಸುದ್ದಿ ಬರಲಿಲ್ಲ, ಮಕ್ಕಳ ಕೆಮ್ಮಿನ ಸುದ್ದಿ ಬಂತು. ಮರುದಿನ ಇಬ್ಬರೂ ಪ್ರಭುಭೋಜನ ತಗೊಂಡರು. ಬ್ಯಾಸಗಿ ಬಂದು ನೀರು ಕಡಿಮೆಯಾದಾಗ ಮತ್ತೆ ಜಗಳ ಆಡಿದರು, ಅದು ಬೇರೆ ಮಾತು.

ಇಂಥ ಭೇಟಿಗೆ ಇನ್ನೂರೈವತ್ತು ವರ್ಷಕ್ಕೂ ಹಳೆಯ ಬೇರು ಇದೆ ಎಂದು ಆಮೇಲೆ ಓದಿ ತಿಳಿದೆ. 1742ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಪ್ರಾರ್ಥನಾ ಮಂದಿರದ ಸಾಲ ತೀರಿಸಲು, ಮೆಥೋಡಿಸ್ಟ್ ಪಂಥ ಹುಟ್ಟುಹಾಕಿದ ಜಾನ್ ವೆಸ್ಲಿಯ ಸಭೆಯವರು ಸುಮಾರು ಹನ್ನೆರಡು ಜನರ ಗುಂಪು ಮಾಡಿ, ಪ್ರತಿ ಗುಂಪಿಗೆ ಒಬ್ಬ ಮುಖಂಡನನ್ನು ಇಟ್ಟರು. ವಾರಕ್ಕೊಂದು ಪೆನ್ನಿ ವಸೂಲಿ ಮಾಡುವುದು ಅವನ ಕೆಲಸ. ಮನೆಮನೆಗೆ ಹೋದವನ ಕಣ್ಣಿಗೆ ಕುಡಿತ, ಗಂಡ ಹೆಂಡಿರ ಜಗಳ, ಹಳೆಯ ಹಗೆ ಎಲ್ಲಾ ಬಿದ್ದವು. ಸಾಲ ತೀರಿಸಲು ಹುಟ್ಟಿದ ವ್ಯವಸ್ಥೆ ಮನಸ್ಸಿನ ಲೆಕ್ಕ ಕೇಳುವ ವ್ಯವಸ್ಥೆಯಾಯಿತು. ಈ ಜನ್ಮದಲ್ಲೇ ಮನುಷ್ಯನ ಹೃದಯ ಪ್ರೀತಿಯಿಂದ ಪೂರ್ತಿ ತುಂಬಬಹುದು ಎಂಬ ವಾದವನ್ನು ವೆಸ್ಲಿ 1766ರಲ್ಲಿ ಪುಸ್ತಕ ಮಾಡಿ ಹೊರತಂದ. ಆ ವಾದ ಅಮೆರಿಕಕ್ಕೆ ಹೋಗಿ, ಅಲ್ಲಿಂದ ಮಿಷನರಿಗಳ ಕೂಡ ನಿಜಾಮನ ಸೀಮೆಗೆ ಬಂದು, ಕಡೆಗೆ ನಮ್ಮ ನಳದ ಕಟ್ಟೆಗೂ ಮುಟ್ಟಿತು.

ಮರುದಿನದ ಪ್ರಭುಭೋಜನಕ್ಕೆ ಶನಿವಾರ ರಾತ್ರಿ ಒಬ್ಬರ ಮನೆಯಲ್ಲಿ ಕರಿ ಮನೂಕ ನೆನೆಹಾಕಿ, ಕುದಿಸಿ, ಕಿವುಚಿ, ಬಿಳಿ ಧೋತರದ ತುಂಡಿನಲ್ಲಿ ಸೋಸುತ್ತಿದ್ದರು. ಮೆಥೋಡಿಸ್ಟರಲ್ಲಿ ಹುಳಿ ಬಂದ ದ್ರಾಕ್ಷಾರಸ ನಡೆಯುವುದಿಲ್ಲ. ಅಮೆರಿಕದ ವೈನ್‌ಲ್ಯಾಂಡ್ ಊರಿನ ವೆಲ್ಚ್ ಎಂಬ ಹಲ್ಲಿನ ವೈದ್ಯ, ಆತನೂ ಮೆಥೋಡಿಸ್ಟನೇ, 1869ರಲ್ಲಿ ದ್ರಾಕ್ಷಿರಸ ಹುಳಿಯದಂತೆ ಕಾಯಿಸಿ ಇಡುವ ಉಪಾಯ ಕಂಡುಹಿಡಿದಿದ್ದ. ಕುಡಿತದಿಂದ ಹಾಳಾದ ಮನೆಗಳೇ ಹೆಚ್ಚಿದ್ದ ನಮ್ಮ ಸಭೆಗೆ ಮನೂಕದ ನೀರೇ ಸರಿ.

ಸಿಮೆಂಟಿನ ಊರು ನಮ್ಮದು. ವಾಡಿಯಲ್ಲಿ ಎಸಿಸಿ ಕಾರ್ಖಾನೆ 1968ರಲ್ಲಿ ಶುರುವಾಯಿತು. ಶಹಾಬಾದಿನದು ಅದಕ್ಕಿಂತ ಎಷ್ಟೋ ಹಳೆಯದು. ಒಣಹಾಕಿದ ಬಟ್ಟೆಯ ಮೇಲೆ ಧೂಳು ಕೂರುವಂತೆ ಪಾಪ ಹೃದಯದ ಮೇಲೆ ಕೂರುತ್ತದೆ ಎಂದು ಹೊಸ ಪಾಸ್ಟರ್ ಬಂದಾಗಲೆಲ್ಲ ಹೇಳುತ್ತಿದ್ದರು. ಜನ ತಲೆಯಾಡಿಸುತ್ತಿದ್ದರು. ದಿನಾ ಆ ಧೂಳು ಝಾಡಿಸುತ್ತಿದ್ದ ಹೆಂಗಸರು ಮಾತ್ರ ಆಕಳಿಸುತ್ತಿದ್ದರು.

ಆ ಕಾಲ ಬಂಗಾರ ಆಗಿತ್ತು ಅಂತ ನಾನು ಹೇಳುವುದಿಲ್ಲ. ಉಪವಾಸ ಕೂಟದಲ್ಲಿ ಎದ್ದು ನಿಂತು ಪಾಪ ಒಪ್ಪಿಕೊಳ್ಳುವ ಪದ್ಧತಿ ಇತ್ತು. ಎದ್ದು ನಿಲ್ಲುತ್ತಿದ್ದವರು ಯಾರು? ದಿನಗೂಲಿಯವರು, ಹೆಂಗಸರು, ಸಿನಿಮಾ ನೋಡಿ ಸಿಕ್ಕಿಬಿದ್ದ ಹುಡುಗಿಯರು. ನೂರಕ್ಕೆ ಐದರ ಬಡ್ಡಿಗೆ ಸಾಲ ಕೊಡುತ್ತಿದ್ದ ಹಿರಿಯರು ಒಮ್ಮೆಯೂ ನಿಂತದ್ದನ್ನು ನಾನು ಕಾಣಲಿಲ್ಲ. ಗಂಡ ಹೊಡೆದು ಓಡಿಸಿದ ಹೆಂಗಸಿಗೆ, ಕ್ಷಮಿಸಿ ತಿರುಗಿ ಹೋಗು, ಹೃದಯ ಶುದ್ಧ ಇಟ್ಟುಕೋ ಎಂದು ಹೇಳಿ ಕಳಿಸಿದ್ದನ್ನು ಕಂಡಿದ್ದೇನೆ. ಆಕೆ ಹೋದಳು, ಮತ್ತೆ ಹೊಡೆಸಿಕೊಂಡಳು. ಅಲ್ಲಿ ಶುದ್ಧವಾಗಬೇಕಿದ್ದದ್ದು ಆಕೆಯ ಹೃದಯ ಆಗಿರಲಿಲ್ಲ.

ಇನ್ನೊಂದು ಮಾತು ನಾವು ಗಟ್ಟಿಯಾಗಿ ಆಡುತ್ತಿರಲಿಲ್ಲ. ಈ ಭಾಗದ ಸಭೆಗಳಲ್ಲಿ ಬಹಳ ಜನ ಹೊಲೆಯರ, ಮಾದಿಗರ ಕೇರಿಗಳಿಂದ ಬಂದವರು. ಚಿತ್ತಾಪುರದ ಸಂತೆಯಲ್ಲಿ ತನಗೆ ಚಾದ ಕಪ್ಪು ಬೇರೆ ಇಡುತ್ತಿದ್ದರೆಂದು ಅಪ್ಪ ಹೇಳುತ್ತಿದ್ದ. ಮುಟ್ಟಿದರೆ ಮೈಲಿಗೆ ಅನ್ನಿಸಿಕೊಂಡ ಜನಕ್ಕೆ, ಶುದ್ಧಿ ಇರುವುದು ಮೈಯಲ್ಲಿ ಅಲ್ಲ, ಕೇರಿಯಲ್ಲಿ ಅಲ್ಲ, ಹೃದಯದಲ್ಲಿ ಎಂಬ ಬೋಧನೆ ಹೇಗೆ ಕೇಳಿಸಿರಬೇಕು! ಅಪ್ಪನಿಗೆ ಇದಕ್ಕಿಂತ ಬೇರೆ ದೇವಶಾಸ್ತ್ರ ಬೇಕಿರಲಿಲ್ಲ. ಆದರೆ 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಕ್ರೈಸ್ತನಾದವನಿಗೆ ಪರಿಶಿಷ್ಟ ಜಾತಿಯ ಸೌಲಭ್ಯ ಇಲ್ಲ. 1956ರಲ್ಲಿ ಸಿಖ್ಖರಿಗೆ, 1990ರಲ್ಲಿ ಬೌದ್ಧರಿಗೆ ಬಾಗಿಲು ತೆರೆಯಿತು, ನಮಗೆ ಇಲ್ಲ. ಹಾಗಾಗಿ ಎಷ್ಟೋ ಮನೆಗಳಲ್ಲಿ ಸಭೆಯ ದಾಖಲೆಯಲ್ಲಿ ಒಂದು ಹೆಸರು, ಸಾಲೆಯ ದಾಖಲೆಯಲ್ಲಿ ಇನ್ನೊಂದು. ಇದು ಕಪಟ ಎಂದು ಪ್ರಸಂಗ ಮಾಡಿದವರನ್ನು ಕೇಳಿದ್ದೇನೆ. ಮಗನ ಸ್ಕಾಲರ್‌ಶಿಪ್ಪಿಗೆ ಅರ್ಜಿ ಹಾಕುವ ತಾಯಿಯ ಹೃದಯ ತೂಗುವ ಮೊದಲು, ಜಾತಿ ಹೋಗದೆ ಸೌಲಭ್ಯ ಮಾತ್ರ ಹೋಗುವ ಕಾನೂನನ್ನು ಅವರು ತೂಗಬೇಕಿತ್ತು.

ವರ್ಷಕ್ಕೊಮ್ಮೆ ಧಾರೂರಿನ ಜಾತ್ರೆ. ಕಳೆದ ಶತಮಾನದ ಇಪ್ಪತ್ತರ ದಶಕದಿಂದ ನವೆಂಬರಿನಲ್ಲಿ ಮೆಥೋಡಿಸ್ಟರು ನಡೆಸಿಕೊಂಡು ಬಂದ ಜಾತ್ರೆ ಅದು. ವಾಡಿಯಿಂದ ಪ್ಯಾಸೆಂಜರ್ ಗಾಡಿ ಹತ್ತಿದರೆ ಚಿತ್ತಾಪುರ, ಮಳಖೇಡ ರೋಡ್, ಸೇಡಂ, ತಾಂಡೂರು ದಾಟಿ ಧಾರೂರು. ಚಿಂಚೋಳಿಯವರು ಬಸ್ಸಿನಲ್ಲಿ ತಾಂಡೂರಿಗೆ ಬಂದು ಕೂಡಿಕೊಳ್ಳುತ್ತಿದ್ದರು. ಮರದ ಕೆಳಗೆ ಒಲೆ, ಅರ್ಧ ಕನ್ನಡ ಅರ್ಧ ತೆಲುಗಿನ ಭಜನೆ, ರಾತ್ರಿಯಿಡೀ ಹಾರ್ಮೋನಿಯಂ. ಸೆರೆ ಬಿಡುತ್ತೇನೆಂದು ಅಲ್ಲಿ ಆಣೆ ಮಾಡಿ ಬಂದ ನಮ್ಮ ಕಾಕಾ ತೊಗರಿ ರಾಶಿಯವರೆಗೆ ಮಾತು ಉಳಿಸಿಕೊಳ್ಳುತ್ತಿದ್ದ. ಎರಡು ತಿಂಗಳಾದರೂ ಕಾಕಿಗೆ ಕೂಲಿ ದುಡ್ಡು ಪೂರ್ತಿ ಸಿಗುತ್ತಿತ್ತು.

ಈಗ ಧಾರೂರಿಗೆ ಕಾರುಗಳು ಹೋಗುತ್ತವೆ, ಪ್ರಸಂಗ ಮೊಬೈಲಿನಲ್ಲಿ ಲೈವ್ ಬರುತ್ತದೆ. ಕೆಲಸ ಹುಡುಕಿಕೊಂಡು ಪುಣೆಗೆ, ಹೈದರಾಬಾದಿಗೆ, ಬೆಂಗಳೂರಿಗೆ ಹೋದವರು ಅಲ್ಲಿಂದಲೇ ನೋಡುತ್ತಾರೆ. ಹೃದಯಶುದ್ಧಿಯ ಮೇಲಿನ ಬೋಧನೆ ಕಡಿಮೆಯಾಗಿಲ್ಲ. ದಿನಾ ಬೆಳಿಗ್ಗೆ ಸಭೆಯ ವಾಟ್ಸಾಪ್ ಗುಂಪಿನಲ್ಲಿ ಹೂವಿನ ಚಿತ್ರದ ಮೇಲೆ ವಚನ ಬಂದು ಬೀಳುತ್ತದೆ. ಬಹುತೇಕ ಅದು ಕಣ್ಣಿನ ಪಾಪದ ಸುದ್ದಿ, ರಾತ್ರಿ ಮೊಬೈಲಿನಲ್ಲಿ ಏನು ನೋಡಬಾರದು ಎಂಬುದು. ಒಂಟಿ ಮನುಷ್ಯ, ಅವನ ಕೋಣೆ, ಅವನ ದೇವರು. ಪಕ್ಕದ ಮನೆಯವನು ಆ ಲೆಕ್ಕದಲ್ಲಿ ಬರುವುದೇ ಇಲ್ಲ.

ಒಳ್ಳೆಯದೂ ಆಗಿದೆ. ಇಂದಿನ ಹುಡುಗಿಯರನ್ನು ಕೂಟದ ನಡುವೆ ಎಬ್ಬಿಸಿ ನಿಲ್ಲಿಸುವ ಧೈರ್ಯ ಯಾರಿಗೂ ಇಲ್ಲ. ಹೊಡೆಸಿಕೊಂಡವರು ಪಾಸ್ಟರ್ ಹತ್ತಿರ ಹೋಗುವ ಮೊದಲು ಠಾಣೆಗೆ ಹೋಗುತ್ತಾರೆ, ಹೋಗಬೇಕಾದದ್ದೇ. ಆದರೆ ಶನಿವಾರದ ತಿರುಗಾಟ ನಿಂತುಹೋಯಿತು. ನಾನು ಬಲ್ಲ ಇಬ್ಬರು ಅಣ್ಣತಮ್ಮಂದಿರು ಅಪ್ಪನ ಜಾಗಕ್ಕಾಗಿ ಕೋರ್ಟಿನಲ್ಲಿದ್ದಾರೆ. ಇಬ್ಬರೂ ತಿಂಗಳ ಮೊದಲ ಐತವಾರ ಒಂದೇ ಸಭೆಯಲ್ಲಿ ಪ್ರಭುಭೋಜನ ತಗೊಳ್ಳುತ್ತಾರೆ, ಒಬ್ಬ ಮುಂದಿನ ಸಾಲಿನಲ್ಲಿ, ಇನ್ನೊಬ್ಬ ಬಾಗಿಲ ಹತ್ತಿರ. ಯಾರೂ ಅವರನ್ನು ಕೇಳುವುದಿಲ್ಲ. ಇಬ್ಬರ ಕಾಣಿಕೆಯೂ ದೊಡ್ಡದು.

ನಮ್ಮ ಪಾಸ್ಟರುಗಳಲ್ಲಿ ಒಂದು ಕೇಳಿಕೆ. ಎಬ್ಬಿಸಿ ನಿಲ್ಲಿಸುವ ಪದ್ಧತಿ ಸತ್ತದ್ದು ಸತ್ತೇ ಇರಲಿ. ಹೊಡೆಯುವವನ ಮನೆಗೆ ಹೆಂಗಸನ್ನು ವಾಪಸು ಕಳಿಸುವ ಕ್ಷಮೆಯೂ ಬೇಡ. ಶನಿವಾರದ ಭೇಟಿಯನ್ನು ಮಾತ್ರ ಮತ್ತೆ ಶುರು ಮಾಡಿ, ಅದೂ ಪಾಸ್ಟರೇಟ್ ಕಮಿಟಿಯವರ ಮನೆಗಳಿಂದ.