ಜಿದ್ದಾದಿಂದ ಐ.ಡಿ.ಹಳ್ಳಿಗೆ ಎಷ್ಟು ತಾಸು?

ಜಿದ್ದಾ ಮತ್ತು ಬೆಂಗಳೂರು ವಿಮಾನ ನಿಲ್ದಾಣಗಳ ನಡುವಣ ಆಕಾಶಮಾರ್ಗ ಸುಮಾರು 4,200 ಕಿಲೋಮೀಟರ್. ನೇರ ವಿಮಾನವಾದರೆ ಐದು, ಐದೂವರೆ ತಾಸಿನ ಪ್ರಯಾಣ. ನಮ್ಮ ಗಡಿಯಾರ ಅಲ್ಲಿಯದಕ್ಕಿಂತ ಎರಡೂವರೆ ತಾಸು ಮುಂದಿರುವುದರಿಂದ, ರಾತ್ರಿ ಹನ್ನೊಂದಕ್ಕೆ ಜಿದ್ದಾ ಬಿಟ್ಟವನು ಬೆಂಗಳೂರಿನಲ್ಲಿ ಇಳಿಯುವಾಗ ಬೆಳಗಿನ ಆರೂವರೆ ದಾಟಿರುತ್ತದೆ. ಅಲ್ಲಿಂದ ದೊಡ್ಡಬಳ್ಳಾಪುರ, ಗೌರಿಬಿದನೂರು ಮಾರ್ಗವಾಗಿ ಐ.ಡಿ.ಹಳ್ಳಿ ತಲುಪಲು ಇನ್ನೂ ಎರಡೂವರೆ ತಾಸು ಬೇಕು.

ಈ ಲೆಕ್ಕವೆಲ್ಲ ನನಗೆ ಬಾಯಿಪಾಠವಾದದ್ದು ತಂದೆಯವರು ತೀರಿಕೊಂಡ ರಾತ್ರಿ. ಇಶಾ ನಮಾಝಿನ ಬಳಿಕ, ಒಂಬತ್ತರ ಹೊತ್ತಿಗೆ ಅವರು ಅಲ್ಲಾಹನ ಕರೆಗೆ ಓಗೊಟ್ಟರು. ತಮ್ಮನಿರುವ ಜಿದ್ದಾದಲ್ಲಿ ಆಗ ಸಂಜೆ ಆರೂವರೆ. "ಐದು ತಾಸಿನ ದಾರಿ ಭಾಯಿ, ಕಾಯಿರಿ" ಎಂದು ಅವನು ಅತ್ತುಬಿಟ್ಟ. ಆದರೆ ದೇಶ ಬಿಟ್ಟು ಮರಳಿ ಹೋಗಲು ಬೇಕಾದ ಪರವಾನಗಿಯನ್ನು ಆಗ ಮಾಲಿಕರು ಕೊಡಬೇಕಾಗಿತ್ತು. ಅವರ ಕಚೇರಿ ತೆರೆಯುವುದು ಮರುದಿನ. ಸೀಟು ದೊರೆತದ್ದು ಮರುರಾತ್ರಿಯ ವಿಮಾನದಲ್ಲಿ. ಎಲ್ಲವೂ ಸುಗಮವಾದರೂ ಅವನು ಮನೆ ಸೇರುವಾಗ ಮೂವತ್ತೇಳು ತಾಸು ಕಳೆದಿರುತ್ತಿತ್ತು. ಅದರಲ್ಲಿ ಹಾರಾಟದ ಪಾಲು ಐದೇ ತಾಸು.

ಬೇಸಿಗೆಯ ದಿನಗಳು. ಮೃತರ ದಫನವನ್ನು ತ್ವರೆಗೊಳಿಸಬೇಕೆಂಬುದು ಪ್ರವಾದಿವರ್ಯರ(ಸ) ಬೋಧನೆ. ಆದರೂ ಬಂಧುಗಳಲ್ಲಿ ಎರಡು ಅಭಿಪ್ರಾಯಗಳಿದ್ದವು. ಮಧುಗಿರಿಯಿಂದ ಶೀತಲ ಪೆಟ್ಟಿಗೆ ತರಿಸೋಣವೆಂದು ಕೆಲವರು ಆಗಲೇ ಫೋನ್ ಮಾಡತೊಡಗಿದ್ದರು. ಕೊನೆಗೆ ಅಮ್ಮಿಯೇ ಫೋನ್ ತೆಗೆದುಕೊಂಡು, "ಬೇಟಾ, ನಾಳೆ ಝುಹರ್ ಬಳಿಕ ಕರೆದೊಯ್ಯುತ್ತಾರೆ. ನೀನು ಅಲ್ಲಿಂದಲೇ ದುಆ ಮಾಡು" ಎಂದರು. ಆ ಧ್ವನಿಯಲ್ಲಿ ಕಂಪನವಿರಲಿಲ್ಲ.

ಹಡಗಿನ ಕಾಲದಲ್ಲಿ ಇಂತಹ ಪ್ರಶ್ನೆಯೇ ಏಳುತ್ತಿರಲಿಲ್ಲ. 1995ರವರೆಗೂ ಮುಂಬೈಯಿಂದ ಜಿದ್ದಾಕ್ಕೆ ಹಜ್ಜ್ ಯಾತ್ರಿಕರ ಹಡಗುಗಳು ಹೋಗುತ್ತಿದ್ದವು. ಸಮುದ್ರದ ಮೇಲೆಯೇ ದಿನಗಟ್ಟಲೆ ಕಳೆಯುತ್ತಿದ್ದ ಕಾಲದಲ್ಲಿ ಸಾವಿನ ಸುದ್ದಿ ಕಾಗದದಲ್ಲಿ ತಡವಾಗಿ ಬರುತ್ತಿತ್ತು. ಯಾರೂ ಯಾರಿಗಾಗಿಯೂ ಕಾಯುತ್ತಿರಲಿಲ್ಲ. ಕಾಯಬಹುದೆಂಬ ಆಸೆಯನ್ನು ಹುಟ್ಟಿಸಿದ್ದೇ ಈ ಐದು ತಾಸು. ಟಿಕೆಟ್ಟಿನ ಮೇಲೆ ಅಚ್ಚಾದ ಅಂಕಿ ಎರಡು ರನ್‌ವೇಗಳ ನಡುವಿನದು, ಮನೆಯ ಬಾಗಿಲಿನವರೆಗಿನದಲ್ಲ.

ತಮ್ಮ ಇನ್ನೊಂದು ವಿಷಯ ಕೇಳಿದ್ದ: ಅಲ್ಲಿಯೇ ಗಾಯಿಬ್ ಜನಾಝಾ ನಮಾಝ್ ನಿರ್ವಹಿಸಬಹುದೇ? ಅಬಿಸೀನಿಯಾದ ದೊರೆ ನಜಾಶಿಯವರಿಗಾಗಿ ಪ್ರವಾದಿವರ್ಯರು(ಸ) ಮದೀನದಲ್ಲಿ ಜನಾಝಾ ನಮಾಝ್ ನಿರ್ವಹಿಸಿದ್ದರು. ಶಾಫಿಈ ವಿದ್ವಾಂಸರು ಇದನ್ನು ಆಧಾರವಾಗಿಟ್ಟು ಅನುಮತಿಸುತ್ತಾರೆ. ನಾವು ಅನುಸರಿಸುವ ಹನಫಿ ವಿದ್ವಾಂಸರು ಅದು ಆ ಸಂದರ್ಭಕ್ಕೇ ವಿಶೇಷವಾದುದೆನ್ನುತ್ತಾರೆ. ಅವನು ದುಆ ಮಾಡಿದ, ತಂದೆಯ ಹೆಸರಿನಲ್ಲಿ ಸದಕಾ ನೀಡಿದ. ಆದರೂ ಟಿಕೆಟ್ ರದ್ದುಪಡಿಸಲಿಲ್ಲ.

ಅವನು ಬಂದು ತಲುಪಿದಾಗ ಬೆಳಿಗ್ಗೆ ಹತ್ತು ಗಂಟೆ. ಚೀಲವನ್ನು ಕಾರಿನಲ್ಲಿಯೇ ಬಿಟ್ಟು ನೇರವಾಗಿ ಖಬರಸ್ತಾನಕ್ಕೆ ನಡೆದ. ಹಿಂದಿರುಗಿದ ಮೇಲೆ ಅಮ್ಮಿ ಅವನನ್ನು ಬಳಿಯಲ್ಲಿ ಕೂರಿಸಿಕೊಂಡು, ತಮ್ಮ ಸರದಿ ಬಂದಾಗಲೂ ಹೀಗೆಯೇ ಮಾಡಬೇಕೆಂದು ನಮ್ಮಿಬ್ಬರಿಂದಲೂ ಮಾತು ಕೇಳಿದರು. ನಾನು ಕೊಟ್ಟೆ. ತಮ್ಮ ಇನ್ನೂ ಕೊಟ್ಟಿಲ್ಲ.