ಮೂಕಘಂಟೆಗಳ ಖರೀದಿ

ಅರವತ್ತು ಸಂವತ್ಸರಗಳನ್ನು ಮುಗಿಸಿ ಶಾಲೆಯ ಸೇವೆಯಿಂದ ನಿವೃತ್ತನಾದ ಸಂಸ್ಕೃತ ಶಿಕ್ಷಕನೊಬ್ಬನು ಪಂಚಾಂಗವನ್ನೋ ಊರುಗೋಲನ್ನೋ ಕೊಳ್ಳಹೊರಟರೆ ಯಾರೂ ಆಶ್ಚರ್ಯಪಡುವದಿಲ್ಲ. ಅವನು ಕಬ್ಬಿಣದ ಡಂಬೆಲ್ಲುಗಳನ್ನು ಕೊಂಡುತಂದನೆಂದರೆ ಮಾತ್ರ ಓಣಿಯ ಕಟ್ಟೆಯ ಮೇಲೆ ನಗೆಯೆದ್ದೇಳುವದು. ನಮ್ಮ ಓಣಿಯಲ್ಲಿಯೂ ಹಾಗೆಯೇ ಆಯಿತು. ಆದರೆ ಹಗಲು ನಕ್ಕವರಲ್ಲಿ ಇಬ್ಬರು ಮಹನೀಯರು ರಾತ್ರಿ ಊಟವಾದ ಮೇಲೆ ಒಬ್ಬೊಬ್ಬರಾಗಿ ಬಂದು, "ಎಷ್ಟು ಭಾರದ್ದು ತಗೋಬೇಕ್ರಿ ಮಾಸ್ತರ?" ಎಂದು ಮೆಲ್ಲಗೆ ವಿಚಾರಿಸಿಹೋದರು. ಅವರಿಗೆ ಹೇಳಿದ್ದನ್ನೇ ಸ್ವಲ್ಪ ವಿಸ್ತರಿಸಿ ವಾಚಕರ ಮುಂದೆ ಇಡುತ್ತಿದ್ದೇನೆ.

ನಮ್ಮ ಸೀಮೆಗೆ ಭಾರವನ್ನೆತ್ತುವದು ಹೊಸದೇನೂ ಅಲ್ಲ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಈ ನಾಲ್ಕೂ ತಾಲೂಕುಗಳ ಶಾಲೆಗಳಲ್ಲಿ ವರ್ಗಾವಣೆಯ ನಿಮಿತ್ತ ನಾನು ಅನ್ನದ ಋಣವನ್ನು ತೀರಿಸಿದ್ದೇನೆ. ಎಲ್ಲಿಗೆ ಹೋದರೂ ಹನುಮಪ್ಪನ ಗುಡಿಯ ಸಮೀಪದಲ್ಲಿ ಒಂದು ಗುಂಡುಕಲ್ಲು ಬಿದ್ದಿರುವದನ್ನು ಕಂಡಿದ್ದೇನೆ. ಶ್ರಾವಣದಲ್ಲಿ ಬಾಗೇವಾಡಿಯ ಜಾತ್ರೆ, ಸಂಕ್ರಾಂತಿಗೆ ವಿಜಯಪುರದ ಸಿದ್ಧೇಶ್ವರ ಜಾತ್ರೆ ಬಂತೆಂದರೆ ಸಂಗ್ರಾಣಿ ಕಲ್ಲು ಎತ್ತುವವರು, ಜೋಳದ ಚೀಲವನ್ನು ಹೆಗಲಿಗೇರಿಸುವವರು, ಉಸುಕಿನ ಮೂಟೆಯನ್ನು ಹೊರುವವರು ಊರೂರಿನಿಂದ ಬಂದು ಸೇರುವರು. ಹಲಗೆಯ ಸಪ್ಪಳ, ಸುತ್ತಲಿನ ಜನರ ಕೇಕೆ, ಬೆವರಿಳಿಯುವ ಬೆನ್ನು, ಇವನ್ನು ನೋಡಿದವರಿಗೆ ನಾನು ವರ್ಣಿಸಬೇಕಾದ್ದಿಲ್ಲ. ಹಿಂದಕ್ಕೆ ಹೋದರೆ, 12ನೆಯ ಶತಮಾನದ ಪೂರ್ವಾರ್ಧದಲ್ಲಿ ಕಲ್ಯಾಣದಿಂದ ಈ ನಾಡನ್ನಾಳಿದ ಚಾಲುಕ್ಯ ಮೂರನೆಯ ಸೋಮೇಶ್ವರನು ತನ್ನ 'ಮಾನಸೋಲ್ಲಾಸ'ದಲ್ಲಿ ಮಲ್ಲರ ವಿಷಯಕ್ಕೆ ಒಂದು ಪ್ರಕರಣವನ್ನೇ ಮೀಸಲಿಟ್ಟು, ಭಾರಶ್ರಮ, ಭ್ರಮಣಶ್ರಮ, ಸಲಿಲಶ್ರಮ, ಸ್ತಂಭಶ್ರಮ ಎಂದು ಅವರ ಸಾಧನೆಗಳನ್ನು ಹೆಸರಿಟ್ಟು ಹೇಳಿದ್ದಾನೆ. ಹೊರುವದು, ನಡೆಯುವದು, ಈಜುವದು, ಕಂಬವನ್ನೇರುವದು: ಅರಸನ ಪಟ್ಟಿಯಲ್ಲಿ ಭಾರಕ್ಕೂ ಸ್ಥಾನವಿತ್ತು.

ಇರಲಿ. ಈ ಕಲ್ಲುಗಳ ಮೇಲೆ ನನಗೆ ಅಪಾರವಾದ ಗೌರವವಿದೆ. ಆದರೂ ಒಂದು ಆಕ್ಷೇಪಣೆಯೂ ಇದೆ. ಕಲ್ಲಿಗೆ ಒಂದೇ ತೂಕ. ಎತ್ತಿದವನು ಗಂಡು, ಎತ್ತಲಾರದವನು ತಲೆ ಬಾಗಿಸಿ ಗುಂಪಿನ ಹಿಂದಕ್ಕೆ ಸರಿಯತಕ್ಕದ್ದು. ಅದು ಬಲವಿದ್ದವನನ್ನು ಆರಿಸಿ ತೋರಿಸುವದಲ್ಲದೆ ಬಲವಿಲ್ಲದವನಿಗೆ ಬಲವನ್ನು ಕೊಡುವ ಸಾಧನವಲ್ಲ. ಮುದುಕರು ಅದರ ಹತ್ತಿರ ಸುಳಿಯುವಂತಿಲ್ಲ. ಹೆಂಗಸರಂತೂ ಗರಡಿಯ ಹೊಸ್ತಿಲನ್ನೂ ತುಳಿಯುವಂತಿರಲಿಲ್ಲ. 2000ನೆಯ ಇಸವಿಯಲ್ಲಿ ಸಿಡ್ನಿಯ ಒಲಿಂಪಿಕ್ಸಿನಲ್ಲಿ ಕರ್ಣಂ ಮಲ್ಲೇಶ್ವರಿ ಎಂಬ ಹೆಣ್ಣುಮಗಳು ಭಾರವೆತ್ತಿ ಕಂಚಿನ ಪದಕವನ್ನು ತಂದಳೆಂದು ನಾನು ತರಗತಿಯಲ್ಲಿ ಹೇಳಿದಾಗ, ಹುಡುಗಿಯರಿಗಿಂತ ಹುಡುಗರೇ ಹೆಚ್ಚು ಕಣ್ಣರಳಿಸಿದ್ದು ನನಗೆ ನೆನಪಿದೆ.

ಡಂಬೆಲ್ಲಿನ ಗುಣವೇ ಬೇರೆ. ಅದು ಎತ್ತುವವನಿಗೆ ತಕ್ಕಂತೆ ತನ್ನ ತೂಕವನ್ನು ಬದಲಿಸಿಕೊಳ್ಳುತ್ತದೆ. ಹೆಸರಿನ ಅರ್ಥವೂ ವಿನೋದವಾದದ್ದು: ಆಂಗ್ಲಭಾಷೆಯಲ್ಲಿ ಅದು 'ಮೂಕಘಂಟೆ'. ಚರ್ಚಿನ ಘಂಟೆಯ ಹಗ್ಗವನ್ನು ಎಳೆಯುವ ಶ್ರಮವು ಮೈಗೆ ಒಳ್ಳೆಯದೆಂದು ಕಂಡು, ಘಂಟೆಯಿಲ್ಲದೆ ಹಗ್ಗವನ್ನು ಮಾತ್ರ ಎಳೆಯುವ ಒಂದು ಯಂತ್ರವನ್ನು ಮಾಡಿಕೊಂಡಿದ್ದರಂತೆ. ಅಡಿಸನ್ ಎಂಬ ಪ್ರಬಂಧಕಾರನು ತಾನು ಪ್ರತಿನಿತ್ಯ ಬೆಳಿಗ್ಗೆ ಕೋಣೆಯಲ್ಲಿ ಅದರೊಡನೆ ಶ್ರಮಿಸುವೆನೆಂದು 1711ರಲ್ಲಿ ಬರೆದಿದ್ದಾನೆ. ಯಂತ್ರವು ಹೋಯಿತು, ಹೆಸರು ಮಾತ್ರ ಎರಡು ತುದಿಗೆ ಗುಂಡುಗಳಿರುವ ಈ ಕೈಭಾರಕ್ಕೆ ಉಳಿಯಿತು. ಮುಂದೆ ನಮ್ಮ ಮಲ್ಲರ ಮುದ್ಗರಗಳು ಆಂಗ್ಲ ಸೈನಿಕರ ಕೈಹಿಡಿದು ವಿಲಾಯತಿಗೆ ಹೋದವು, ಅವರ ಡಂಬೆಲ್ಲು ಇಲ್ಲಿಗೆ ಬಂದಿತು. ನಮ್ಮ ಕನ್ನಡಿಗರಿಗೆ ಅದನ್ನು ಗೃಹಕೃತ್ಯವಾಗಿ ಕಲಿಸಿದವರಲ್ಲಿ ಬೆಂಗಳೂರಿನ ಕೆ. ವಿ. ಅಯ್ಯರರು ಅಗ್ರಗಣ್ಯರು. 'ಶಾಂತಲಾ', 'ರೂಪದರ್ಶಿ'ಗಳನ್ನು ಓದಿ ಕಣ್ಣೊರಸಿಕೊಂಡ ಎಷ್ಟೋ ಜನರಿಗೆ, ಆ ಕಾದಂಬರಿಕಾರರೇ ಹರ್ಕ್ಯುಲಿಸ್ ವ್ಯಾಯಾಮಶಾಲೆಯ ಯಜಮಾನರೆಂಬದೂ, ಅಂಚೆಯ ಮೂಲಕ ಊರೂರಿಗೆ ವ್ಯಾಯಾಮದ ಪಾಠಗಳನ್ನು ಕಳಿಸುತ್ತಿದ್ದರೆಂಬದೂ ತಿಳಿಯದು.

ಪ್ರಕೃತ ನಮ್ಮ ಮನೆಗೆ ಈ ವಸ್ತುವು ಬಂದ ಕಾರಣವನ್ನು ಹೇಳುವೆನು. ಕಳೆದ ವರ್ಷ ನಮ್ಮ ಮನೆಯವರು ಬಚ್ಚಲಿನಲ್ಲಿ ಜಾರಿ ಬಲಗೈಯನ್ನು ಊರಿಬಿದ್ದರು. ಮಣಿಕಟ್ಟಿನ ಎಲುಬು ಮುರಿಯಿತು. ಆರು ವಾರ ಕೈಯನ್ನು ಕಟ್ಟಿಹಾಕಿದ್ದಾಯಿತು. ಕಟ್ಟು ಬಿಚ್ಚಿದ ಮೇಲೆ ಎಲುಬೇನೋ ಕೂಡಿತ್ತು, ಆದರೆ ಕೈಯಲ್ಲಿ ಸತ್ವವೇ ಇರಲಿಲ್ಲ. ರೊಟ್ಟಿ ಬಡಿಯಲು ಕುಳಿತರೆ ಎರಡನೆಯದಕ್ಕೇ ಕೈ ನಿಲ್ಲುತ್ತಿತ್ತು. ನಮ್ಮ ಕಡೆಯ ಮನೆಗಳಲ್ಲಿ ಬೆಳಗಿನ ರೊಟ್ಟಿಯ ಸಪ್ಪಳವು ಗಡಿಯಾರಕ್ಕೆ ಸಮಾನ. ಆ ಸಪ್ಪಳವು ನಿಂತ ಮನೆಯಲ್ಲಿ ಏನೋ ಅಶುಭವಾಗಿದೆಯೆಂದೇ ನೆರೆಹೊರೆಯವರು ತಿಳಿಯುವರು. ಖಾನಾವಳಿಯಿಂದ ರೊಟ್ಟಿಯನ್ನು ತರಿಸತೊಡಗಿದೆವು. ನನಗೆ ಅದರಿಂದ ಏನೂ ಕೊರತೆಯೆನಿಸಲಿಲ್ಲ. ಆದರೆ ನಾಲ್ವತ್ತು ವರ್ಷ ಬಂದವರಿಗೆಲ್ಲ ಬಡಿಸಿದ ಆ ತಾಯಿ, ತಂದ ರೊಟ್ಟಿಯನ್ನು ಬಿಚ್ಚುವಾಗ ಮುಖವನ್ನು ಆಚೆಗೆ ತಿರುಗಿಸಿಕೊಳ್ಳುತ್ತಿದ್ದರು. ಒಂದು ದಿನ, "ಇನ್ನ ನಾ ಈ ಮನ್ಯಾಗ ಕುಂತು ಉಣ್ಣಾಕಿ ಆದೆ ನೋಡ್ರಿ" ಎಂದರು. ಎಲುಬಿನ ವೈದ್ಯರಿಗೆ ಇದನ್ನು ತಿಳಿಸಿದಾಗ ಅವರು ಔಷಧದ ಚೀಟಿಯ ಕೆಳಗೆ, ಸಣ್ಣ ಭಾರಗಳಿಂದ ವ್ಯಾಯಾಮವೆಂದು ಬರೆದು, ನನ್ನ ಕಡೆಗೆ ನೋಡಿ, "ನೀವೂ ಮಾಡ್ರಿ ಸರ" ಎಂದರು.

ವಯಸ್ಸಾದವರಿಗೆ ಭಾರವೇಕೆಂದು ಕೇಳುವವರುಂಟು. ಮಧ್ಯವಯಸ್ಸು ದಾಟಿದ ಮೇಲೆ ಮಾಂಸಖಂಡಗಳು ತಾವಾಗಿಯೇ ಕ್ಷಯಿಸುತ್ತ ಬರುತ್ತವೆ. ನಡೆದಾಟವು ಹೃದಯಕ್ಕೆ ಹಿತವಾದರೂ ಈ ಕ್ಷಯವನ್ನು ತಡೆಯಲು ಅದೊಂದೇ ಸಾಲದು. 1990ರಲ್ಲಿ ಅಮೇರಿಕೆಯ ವೈದ್ಯರು, ತೊಂಬತ್ತರ ಆಸುಪಾಸಿನ ಹತ್ತು ಜನ ಅಶಕ್ತ ವೃದ್ಧರಿಗೆ ಎಂಟು ವಾರ ಕಾಲುಗಳ ಭಾರಸಾಧನೆಯನ್ನು ಮಾಡಿಸಿದ ವೃತ್ತಾಂತವನ್ನು ಪ್ರಕಟಿಸಿದರು. ಕೊನೆತನಕ ಉಳಿದವರ ಕಾಲಿನ ಬಲವು ಸರಾಸರಿ ನೂರಕ್ಕೆ 174ರಷ್ಟು ಹೆಚ್ಚಿತ್ತು. ತೊಂಬತ್ತರಲ್ಲಿ ಆಗುವದು ಅರವತ್ತರಲ್ಲಿ ಏಕಾಗದು? ವಿಶ್ವ ಆರೋಗ್ಯ ಸಂಸ್ಥೆಯೂ 2020ರ ತನ್ನ ಸೂಚನೆಗಳಲ್ಲಿ, ವಯಸ್ಕರೆಲ್ಲರೂ ವಾರಕ್ಕೆ ಎರಡು ದಿನವಾದರೂ ಸ್ನಾಯುಗಳನ್ನು ಬಲಪಡಿಸುವ ಶ್ರಮವನ್ನು ಮಾಡಬೇಕೆಂದು ಹೇಳಿದೆ.

ಇನ್ನು ಖರೀದಿಯ ವಿಚಾರ. ವಿಜಯಪುರದ ಒಂದು ಅಂಗಡಿಗೆ ನಾವಿಬ್ಬರೂ ಹೋದೆವು. ಅಂಗಡಿಯ ತರುಣನು ನನ್ನನ್ನು ನೋಡಿ, "ಸರ, ಗಂಡಸರಿಗೆ ಐದೈದು ಕಿಲೋದ ಜೋಡಿ ಬೇಕ ಬೇಕ್ರಿ, ಅಮ್ಮಾರಿಗೆ ಈ ಗುಲಾಬಿ ಬಣ್ಣದ್ದು ಅರ್ಧ ಕಿಲೋ ಸಾಕು" ಎಂದನು. ಗಂಡಸು, ಹೆಂಗಸು, ಬಣ್ಣ ಇವುಗಳಿಂದ ಭಾರವನ್ನು ನಿರ್ಣಯಿಸುವದು ಅಂಗಡಿಯವರ ಶಾಸ್ತ್ರವೆಂದು ಕಾಣುತ್ತದೆ. ನಮ್ಮ ಮನೆಯವರು ಆ ಅರ್ಧ ಕಿಲೋದ್ದನ್ನು ಎಡಗೈಯಲ್ಲಿ ತೂಗಿನೋಡಿ, "ಯಪ್ಪಾ, ಇದು ನಮ್ಮ ತುಂಬಿದ ತಂಬಿಗಿಯಷ್ಟೂ ಇಲ್ಲಲ್ಲೋ" ಎಂದರು. ತರುಣನು ಸುಮ್ಮನಾದನು.

ಭಾರವನ್ನು ನಿರ್ಣಯಿಸುವ ನ್ಯಾಯವಾದ ಪರೀಕ್ಷೆಯು ಇದು. ಯಾವ ಭಾರವನ್ನು ನೆಟ್ಟಗೆ ನಿಂತು, ಬೆನ್ನನ್ನು ಬಾಗಿಸದೆ, ಜೋಲಿ ಹೊಡೆಯದೆ, ನಿಧಾನವಾಗಿ ಹತ್ತು ಹನ್ನೆರಡು ಸಾರೆ ಎತ್ತಿಳಿಸಬಹುದೋ, ಮತ್ತು ಕೊನೆಯ ಎರಡು ಸಾರೆ ಶ್ರಮವೆನಿಸುವದೋ, ಅದು ನಿಮ್ಮ ಇಂದಿನ ಭಾರ. ಎಂಟು ಸಾರೆಯೂ ಆಗದಿದ್ದರೆ ಅದು ಹೆಚ್ಚಾಯಿತು. ಹದಿನೈದನ್ನು ದಾಟಿಯೂ ಮಾತನಾಡುತ್ತ ಎತ್ತುವಂತಿದ್ದರೆ ಕಡಿಮೆಯಾಯಿತು. ಸುಶ್ರುತಾಚಾರ್ಯನು ತನ್ನ ಬಲದ ಅರ್ಧದಷ್ಟು ಮಾತ್ರ ವ್ಯಾಯಾಮ ಮಾಡತಕ್ಕದ್ದೆಂದೂ, ಮೀರಿದರೆ ರೋಗವೆಂದೂ ವಿಧಿಸಿರುವನು. ಈಗಿನವರು ಇನ್ನೂ ಎರಡು ಮೂರು ಸಾರೆ ಎತ್ತುವ ತ್ರಾಣವಿರುವಾಗಲೇ ನಿಲ್ಲಿಸಿರೆಂದು ಹೇಳುವದು ಅರ್ಧಶಕ್ತಿಗೆ ಸರಿಸಮವಲ್ಲದಿದ್ದರೂ ದಿಕ್ಕು ಒಂದೇ. ಪೂರ್ತಿ ಬತ್ತುವವರೆಗೆ ಮಾಡಬೇಡಿರೆಂಬದು ಇಬ್ಬರ ಅಭಿಪ್ರಾಯವೂ ಹೌದು. ಒಂದು ಲೀಟರು ನೀರು ತುಂಬಿದ ಬಾಟಲಿಯು ಸುಮಾರು ಒಂದು ಕಿಲೋ ಆಗುವದರಿಂದ, ಈ ಪರೀಕ್ಷೆಯನ್ನು ದುಡ್ಡು ಬಿಚ್ಚುವ ಮೊದಲು ಮನೆಯಲ್ಲಿಯೇ ಎರಡು ವಾರ ಮಾಡಬಹುದು. ನಾವು ಹಾಗೆಯೇ ಮಾಡಿದ್ದೆವು.

ಇಲ್ಲಿ ಒಂದು ಲೆಕ್ಕವಿದೆ. ಹತ್ತು ಕಿಲೋ ಎತ್ತುವವನು ಹನ್ನೊಂದಕ್ಕೆ ಏರಿದರೆ ಅವನಿಗೆ ಹತ್ತರಲ್ಲೊಂದು ಪಾಲು ಭಾರವು ಹೆಚ್ಚಿತು. ಒಂದು ಕಿಲೋ ಎತ್ತುವವಳು ಎರಡಕ್ಕೆ ಏರಿದರೆ ಭಾರವು ಇಮ್ಮಡಿಯಾಯಿತು! ಕಿಲೋ ಒಂದೇ, ಹೆಚ್ಚಳವು ಒಂದೇ ಅಲ್ಲ. ಆದ್ದರಿಂದ ಅಲ್ಪಬಲರಿಗೇ ಸಣ್ಣ ಸಣ್ಣ ಮೆಟ್ಟಲುಗಳು ಬೇಕು; ಒಂದಾದ ಮೇಲೆ ಒಂದೂವರೆ, ಆಮೇಲೆ ಎರಡು. ಅಂಗಡಿಗಳಲ್ಲಿ ದೊಡ್ಡ ಬಿಲ್ಲೆಗಳೇ ರಾಶಿಯಾಗಿ ಬಿದ್ದಿರುತ್ತವೆ, ಅರ್ಧ ಕಿಲೋದ ಬಿಲ್ಲೆಯನ್ನು ಕೇಳಿ ಹುಡುಕಿಸಬೇಕಾಗುತ್ತದೆ. ಹುಡುಕಿಸಿರಿ.

ಡಂಬೆಲ್ಲುಗಳಲ್ಲಿ ಮುಖ್ಯವಾಗಿ ಎರಡು ಜಾತಿ: ಎರಕ ಹೊಯ್ದು ತೂಕವನ್ನು ಸ್ಥಿರಗೊಳಿಸಿದವು, ಸಲಾಕೆಗೆ ಬಿಲ್ಲೆಗಳನ್ನು ಏರಿಸಿ ತಿರುಪಿನಿಂದ ಬಿಗಿಯುವವು. ಇಬ್ಬರಿರುವ ಮನೆಗೆ, ಒಬ್ಬೊಬ್ಬರ ಬಲವು ಒಂದೊಂದು ತರನಾಗಿದ್ದಲ್ಲಿ, ಬಿಲ್ಲೆಯವೇ ಮಿತವ್ಯಯ. ಜೋಡಿಯ ಮೇಲೆ ಜೋಡಿ ಕೊಳ್ಳುವದು ತಪ್ಪುತ್ತದೆ. ಆದರೆ ಪ್ರತಿಸಾರೆ ಬಿಚ್ಚಿ ಕಟ್ಟಬೇಕು, ತಿರುಪು ಬಿಗಿಯಾಗಿದೆಯೋ ಇಲ್ಲವೋ ನೋಡಬೇಕು, ಸಲಾಕೆಯ ಸ್ವಂತ ತೂಕವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಮುರಿದು ಕೂಡಿದ ಕೈಗೆ ತಿರುಪು ಬಿಗಿಯುವದೇ ಒಂದು ಶಿಕ್ಷೆ. ಆದ್ದರಿಂದ ನಾವು ಅವರಿಗೆ ಒಂದು ಕಿಲೋದ ಸ್ಥಿರವಾದ ಜೋಡಿಯನ್ನೂ, ನನಗೂ ಅವರ ಮುಂದಿನ ಮೆಟ್ಟಲುಗಳಿಗೂ ಬಿಲ್ಲೆಯ ಜೋಡಿಯನ್ನೂ ತಂದೆವು.

ಹೊರಗೆ ಪ್ಲಾಸ್ಟಿಕ್ಕು, ಒಳಗೆ ಸಿಮೆಂಟು ತುಂಬಿದವು ಅಗ್ಗವಾಗಿರುತ್ತವೆ. ಒಂದೇ ತೂಕಕ್ಕೆ ಅವು ಕಬ್ಬಿಣಕ್ಕಿಂತ ಬಹಳ ದಪ್ಪ, ಬಿದ್ದರೆ ಒಡೆದು ಪುಡಿಯುದುರುತ್ತವೆ. ನನ್ನ ಮತದಲ್ಲಿ ಬೇಡ. ಗುಂಡು ತುದಿಯವು ಇಳಿಜಾರಿನ ಫರಸಿಯ ಮೇಲೆ ಉರುಳಿ ಎಡವಿಸುತ್ತವೆ. ಆರು ಮೂಲೆಯ ತುದಿ, ಮೇಲೆ ರಬ್ಬರಿನ ಹೊದಿಕೆಯಿರುವದು ಉತ್ತಮ. ನಮ್ಮಲ್ಲಿ ನೆಲಕ್ಕೆಲ್ಲ ತಾಳಿಕೋಟಿಯ ಕಲ್ಲೋ ಶಹಾಬಾದಿನದೋ ಹಾಸಿರುವದು. ಬರಿಯ ಕಬ್ಬಿಣ ಬಿದ್ದರೆ ಹಾಸುಗಲ್ಲು ಸೀಳುವದು ನಿಶ್ಚಯ. ಕೆಳಗೆ ಹಳೆಯ ಜಮಖಾನೆಯನ್ನು ಹಾಸಿಕೊಳ್ಳುವದು ಲೇಸು.

ಹಿಡಿಯನ್ನು ಪರೀಕ್ಷಿಸದೆ ತರಬಾರದು. ಮುಷ್ಟಿ ಕಟ್ಟಿದಾಗ ಹೆಬ್ಬೆರಳು ಮುಂದಿನ ಬೆರಳಿನ ಮೇಲೆ ಬಂದು ಕೂಡಬೇಕು. ಬರದಿದ್ದರೆ ಹಿಡಿಯು ದಪ್ಪ. ಸುಮಾರು ಒಂದು ಅಂಗುಲದ ಹಿಡಿ ಸಾಮಾನ್ಯ ಕೈಗೆ ಒಪ್ಪುತ್ತದೆ. ಕನ್ನಡಿಯಂತೆ ಹೊಳೆಯುವ ನುಣುಪು ಹಿಡಿಯು ನೋಟಕ್ಕೆ ಚೆಂದ, ಬೆವರಿದ ಕೈಗೆ ಅಪಾಯ, ಸಣ್ಣ ಗೀರುಗಳಿರಬೇಕು. ತೂಕವನ್ನೂ ನಂಬಬೇಡಿರಿ. ನಾನು ತಂದದ್ದನ್ನು ನಮ್ಮ ಕಿರಾಣಿ ಅಂಗಡಿಯ ತಕ್ಕಡಿಯಲ್ಲಿಟ್ಟಾಗ ಒಂದೇ ಜೋಡಿಯ ಎರಡಕ್ಕೆ 100 ಗ್ರಾಮಿನ ಅಂತರ ಕಂಡಿತು. ಕಿಲೋದ ಮೇಲೆ ಬೆಲೆ ಹಾಕುವ ವಸ್ತುವಾದ್ದರಿಂದ ಹಿಂದಿರುಗಿಸಿ ಬದಲಿಸಿಕೊಂಡೆನು. ಕಿರಾಣಿಯವನು ತೂಗಿದ್ದಕ್ಕೆ ಏನೂ ತೆಗೆದುಕೊಳ್ಳಲಿಲ್ಲ. ತಾನೂ ನಾಲ್ಕು ಸಾರೆ ಎತ್ತಿನೋಡಿದನು.

ಎತ್ತುವಾಗ ಉಸಿರನ್ನು ಬಿಡಬೇಕು, ಇಳಿಸುವಾಗ ತೆಗೆದುಕೊಳ್ಳಬೇಕು. ಉಸಿರು ಬಿಗಿಹಿಡಿದರೆ ರಕ್ತದೊತ್ತಡವು ಒಮ್ಮೆಲೆ ಏರುತ್ತದೆ. ಒತ್ತಡದವರು, ಹೃದಯದ ವ್ಯಾಧಿಯುಳ್ಳವರು ವೈದ್ಯರನ್ನು ಕೇಳದೆ ಪ್ರಾರಂಭಿಸಕೂಡದು. ತೋಳುಗಳಿಗೇ ಎಲ್ಲರೂ ಗಮನಕೊಡುವರು, ಕಾಲುಗಳನ್ನು ಮರೆಯುವರು. ಬೀಳುವವರು ಬೀಳುವದು ಕಾಲಿನ ದೌರ್ಬಲ್ಯದಿಂದ. ಎದೆಗೆ ಒಂದು ಡಂಬೆಲ್ಲನ್ನು ಅವಚಿಕೊಂಡು ಕುರ್ಚಿಯಿಂದ ಹತ್ತು ಸಾರೆ ಎದ್ದು ಕೂಡ್ರುವದು ಗರಡಿಯ ಬೈಠಕಿಗೆ ಸಮನಾದ ಮನೆಯ ಸಾಧನೆ. ವಾರಕ್ಕೆ ಮೂರು ದಿನ, ನಡುವೆ ಒಂದೊಂದು ದಿನ ವಿಶ್ರಾಂತಿ; ಇಷ್ಟೇ ನಮ್ಮ ಕ್ರಮ.

ನಾಲ್ಕು ತಿಂಗಳಾದವು. ನಾನು ನಾಲ್ಕು ಕಿಲೋದಲ್ಲಿದ್ದೇನೆ. ಅಂಗಡಿಯ ತರುಣನ ಐದಕ್ಕೆ ಇನ್ನೂ ಮುಟ್ಟಿಲ್ಲ, ಅವಸರವೂ ಇಲ್ಲ. ನಮ್ಮ ಮನೆಯವರು ಎರಡು ಕಿಲೋಕ್ಕೆ ಬಂದಿರುವರು. ದಿನಕ್ಕೆ ಆರು ರೊಟ್ಟಿ ಬಡಿಯುತ್ತಾರೆ, ಹಬ್ಬದ ದಿನ ಮಾತ್ರ ಇನ್ನೂ ಹೊರಗಿನಿಂದ ತರಿಸುತ್ತೇವೆ. ಒಂದು ಕಿಲೋದ ಜೋಡಿಯನ್ನು ಮೊನ್ನೆ ಪಕ್ಕದ ಮನೆಯ ಅಜ್ಜಿಯವರು, ಬಾಟಲಿಯ ನೀರು ಸೋರುತ್ತದೆಂಬ ನೆವದಿಂದ, ಎರವಲು ಒಯ್ದಿದ್ದಾರೆ. ಮಿಕ್ಕವುಗಳನ್ನು ಮೊಮ್ಮಕ್ಕಳ ಕೈಗೆಟುಕದಂತೆ ಮಂಚದ ಕೆಳಗೆ ಗೋಡೆಯ ಬದಿಗೆ ಇಟ್ಟಿದ್ದೇವೆ. ಎತ್ತರದ ಮಾಡದಲ್ಲಿ ಇಡಲಿಲ್ಲ, ಜಾರಿಬಿದ್ದರೆ ಯಾರದಾದರೂ ತಲೆ ಹೋದೀತು. ಸಂಕ್ರಾಂತಿಯ ಜಾತ್ರೆಗೆ ವಿಜಯಪುರಕ್ಕೆ ಹೋದಾಗ ಅರ್ಧ ಕಿಲೋದ ಇನ್ನೂ ನಾಲ್ಕು ಬಿಲ್ಲೆಗಳನ್ನು ತರತಕ್ಕದ್ದೆಂದು ಅವರು ಈಗಲೇ ಸಾಮಾನಿನ ಯಾದಿಯಲ್ಲಿ, ತೊಗರಿಬೇಳೆಯ ಕೆಳಗೆ, ಬರೆದಿಟ್ಟಿದ್ದಾರೆ.